ಸಿರಿಯಾ ಯುದ್ಧಕ್ಕೆ ಹೋದ ಹೊರದೇಶದವರು ವಾಪಸ್ ಯಾಕೆ ಬರಲಿಲ್ಲ?

ಪ್ರಶ್ನೆ: ಸಿರಿಯಾಕ್ಕೆ ಎಲ್ಲೆಲ್ಲಿಂದಲೋ ಸಾವಿರಗಟ್ಟಲೆ ಜನ ಹೋಗಿ ಐಎಸ್ (ಇಸ್ಲಾಮಿಕ್ ಸ್ಟೇಟ್) ಉಗ್ರ ಸಂಘಟನೆ ಸೇರಿದರಲ್ಲ ಸರ್, ಗಡಿಯಲ್ಲಿ ಯಾರೂ ತಡೆಯಲಿಲ್ಲವೇ? ಅಲ್ಲಿಯ ಸ್ಥಿತಿ ಗೊತ್ತಾದ ಮೇಲಾದರೂ ಯಾಕೆ ವಾಪಸ್ ಬರಲಿಲ್ಲ? ಅವರ ಹೆಂಡತಿ ಮಕ್ಕಳು ಏನಾದರು?

ಉತ್ತರ: ತಡೆಯೋಕೆ ಯಾರು ಏನು ಅಂತ ಮೊದಲು ಗೊತ್ತಾಗಬೇಕಲ್ವಾ? ಟರ್ಕಿಯ ಇಸ್ತಾಂಬುಲ್‌ವರೆಗೆ ಅವರೆಲ್ಲ ಪ್ರವಾಸಿಗರೇ. ಬಹಳಷ್ಟು ಜನರ ಕೈಯಲ್ಲಿ ಅಸಲಿ ಪಾಸ್‌ಪೋರ್ಟ್ ಇತ್ತು, ಮೇಲೆ ಕೇಸೂ ಇರಲಿಲ್ಲ. ಅಲ್ಲಿಂದ ದಕ್ಷಿಣ ಟರ್ಕಿಯ ಗಾಜಿಯಾಂಟೆಪ್, ಕಿಲಿಸ್ ಊರುಗಳ ಕಡೆ ಹೋದರೆ ಗಡಿ. ಟರ್ಕಿ ಮತ್ತು ಸಿರಿಯಾ ನಡುವಿನ ಗಡಿ ಸುಮಾರು 900 ಕಿ.ಮೀ. ಉದ್ದ, ಆ ಕಡೆ ಸಿರಿಯಾದ ಆಗಿನ ಅಧ್ಯಕ್ಷ ಅಸಾದ್ ಸರ್ಕಾರದ ಹಿಡಿತ ತಪ್ಪಿತ್ತು, ಈ ಕಡೆ ಟರ್ಕಿಗೂ ಅಸಾದ್ ಬಿದ್ದರೆ ಸಾಕಿತ್ತು, ಹಾಗಾಗಿ ಮೊದಮೊದಲು ಗಡಿ ದಾಟುವವರನ್ನು ಅಷ್ಟಾಗಿ ಕೆದಕಲಿಲ್ಲ. ಇಂಥವರನ್ನು ಎಲ್ಲ ದೇಶಗಳೂ ತಡೆಯಲೇಬೇಕು ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2178ನೇ ನಿರ್ಣಯ ಮಾಡಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಇರಾಕಿನ ದೊಡ್ಡ ನಗರ ಮೊಸುಲ್ ಐಎಸ್ ಕೈಗೆ ಹೋಗಿ ಮೂರು ತಿಂಗಳಾಗಿತ್ತು. ಕೊನೆಗೆ ಹೊರಗಿನಿಂದ ಹೋದವರು 40,000ಕ್ಕೂ ಜಾಸ್ತಿ ಅನ್ನೋದು ವಿಶ್ವಸಂಸ್ಥೆಯ ಲೆಕ್ಕ.

ಇನ್ನು ವಾಪಸ್ ಬರೋ ಮಾತು. ಬಹಳಷ್ಟು ಜನರಿಗೆ ಆ ದಾರಿ ಮೊದಲ ದಿನವೇ ಮುಚ್ಚುತ್ತಿತ್ತು. 2016ರಲ್ಲಿ ಐಎಸ್‌ನ ಸೇರ್ಪಡೆ ಅರ್ಜಿಗಳು ಹೊರಬಿದ್ದವು. ಥೇಟ್ ಯಾವುದೋ ಕಚೇರಿಯ ಫಾರಂ, 23 ಕಲಂ. ತಾಯಿಯ ಹೆಸರು, ರಕ್ತದ ಗುಂಪು, ಓದು, ಹಿಂದೆ ಮಾಡುತ್ತಿದ್ದ ಕೆಲಸ, ಇಲ್ಲಿಗೆ ಶಿಫಾರಸು ಮಾಡಿದವರು ಯಾರು, ಯುದ್ಧ ಮಾಡ್ತೀಯೋ ಆತ್ಮಾಹುತಿಗೆ ಹೋಗ್ತೀಯೋ. ಸತ್ತ ದಿನ ಮತ್ತು ಜಾಗ ತುಂಬೋಕೂ ಒಂದು ಕಲಂ ಖಾಲಿ ಇತ್ತು. ಮನುಷ್ಯ ಬಂದು ಕೂತ ದಿನವೇ ಅವನ ಸಾವಿಗೆ ಜಾಗ ಬಿಟ್ಟಿದ್ದರು! ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುತ್ತಿದ್ದರು. ಓಡಿಹೋಗಲು ನೋಡಿದವರಲ್ಲಿ ಎಷ್ಟೋ ಜನರನ್ನು ಕೊಂದರು. ಆ ಶಿಫಾರಸಿನ ಕಲಂ ಬಗ್ಗೆಯೂ ಯೋಚಿಸಿ. ಸುಮ್ನೆ ಐಎಸ್‌ನ ಪ್ರಚಾರದ ವಿಡಿಯೊ ನೋಡಿ ಎದ್ದು ಹೋದವರು ಕಡಿಮೆ, ಮೊದಲೇ ಹೋಗಿದ್ದ ಗೆಳೆಯನೋ ಅಣ್ಣನೋ ಕರೆಸಿಕೊಂಡದ್ದೇ ಜಾಸ್ತಿ.

ಹೆಂಡತಿ ಮಕ್ಕಳ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 2019ರ ಮಾರ್ಚ್‌ನಲ್ಲಿ ಪೂರ್ವ ಸಿರಿಯಾದ ಬಾಗೂಜ್ ಹಳ್ಳಿ ಕೈತಪ್ಪಿದಾಗ ಐಎಸ್‌ಗೆ ನೆಲವೇ ಉಳಿಯಲಿಲ್ಲ, ಉಳಿದ ಹೆಂಗಸರು ಮಕ್ಕಳಲ್ಲಿ ಹೆಚ್ಚಿನವರು ಈಶಾನ್ಯ ಸಿರಿಯಾದ ಅಲ್-ಹೋಲ್ ಶಿಬಿರ ಸೇರಿದರು. ಒಂದು ಹಂತದಲ್ಲಿ ಅಲ್ಲಿ ಸಿರಿಯಾ, ಇರಾಕಿನವರೂ ಸೇರಿ 70,000ಕ್ಕೂ ಜಾಸ್ತಿ ಜನ ಇದ್ದರು. ಯುದ್ಧದ ನಡುವೆ ಹುಟ್ಟಿದ ಎಷ್ಟೋ ಮಕ್ಕಳಿಗೆ ಯಾವ ದೇಶದ ಕಾಗದವೂ ಇರಲಿಲ್ಲ. ಬ್ರಿಟನ್ ಕೆಲವರ ಪೌರತ್ವವನ್ನೇ ಕಿತ್ತುಕೊಂಡಿತು. ಕಜಕಿಸ್ತಾನವಾದರೋ 2019ರಲ್ಲೇ ವಿಮಾನ ಕಳಿಸಿ 500ಕ್ಕೂ ಜಾಸ್ತಿ ತನ್ನ ಜನರನ್ನು ಕರೆಸಿಕೊಂಡಿತು, ಅವರಲ್ಲಿ ಹೆಚ್ಚಿನವರು ಮಕ್ಕಳೇ. ನನ್ನ ಪ್ರಕಾರ ಸರಿಯಾದ ದಾರಿ ಅದೇ. ದೊಡ್ಡವರು ತಪ್ಪು ಮಾಡಿದ್ದರೆ ಅವರವರ ದೇಶದ ಕೋರ್ಟಿನಲ್ಲೇ ಕೇಸ್ ನಡೆಸಬಹುದು, ಅದಕ್ಕಾಗಿ ಮಕ್ಕಳನ್ನು ಡೇರೆಯಲ್ಲಿ ಕೊಳೆಸಬೇಕಾಗಿಲ್ಲ.