ಓಡಿಸಿ ನೋಡಿದರೆ ಕಥೆ ಅರ್ಥ ಆಗುತ್ತಾ?

ಪ್ರಶ್ನೆ: ಕಡಿಮೆ ಬಜೆಟ್‌ನ ಇರಾಟಿಕ್ ಥ್ರಿಲ್ಲರ್‌ಗಳ, ಅಂದರೆ ಕಾಮ ಮತ್ತು ಅಪರಾಧ ಬೆರೆತ ರೋಚಕ ಚಿತ್ರಗಳ, ರೇಟಿಂಗ್ ನೋಡಿದರೆ ತಲೆ ಕೆಡುತ್ತದೆ. ಒಬ್ಬರು ಹತ್ತಕ್ಕೆ ಹತ್ತು ಕೊಟ್ಟಿರುತ್ತಾರೆ, ಇನ್ನೊಬ್ಬರು ಒಂದೇ ಒಂದು. ಯಾರನ್ನು ನಂಬೋದು?

ಉತ್ತರ: ಇಬ್ಬರನ್ನೂ ಬೇಡ. ಮೊದಲ ದಿನವೇ ಬಂದು ಬೀಳುವ ಹತ್ತು ಅಂಕಗಳಲ್ಲಿ ಚಿತ್ರತಂಡದ ಗೆಳೆಯರು, ನೆಂಟರು ಇರುವುದು ಮಾಮೂಲಿ. ಪ್ರಚಾರಕ್ಕೆ ದುಡ್ಡಿಲ್ಲ, ಪಾಪ, ಏನು ಮಾಡುತ್ತಾರೆ. ಒಂದು ಅಂಕದವರ ಸಿಟ್ಟೇ ಬೇರೆ. ಪೋಸ್ಟರ್‌ನಲ್ಲಿ ಅರೆಬೆತ್ತಲೆ ಹೆಣ್ಣು, ಪಕ್ಕದಲ್ಲಿ ಚಾಕು. ಬಿಸಿಬಿಸಿ ದೃಶ್ಯ ಇರುತ್ತದೆ ಅಂತ ಬಂದವರಿಗೆ ಒಂದೂವರೆ ಗಂಟೆ ಬರೀ ಮಾತು. ಕೊಲೆ ಮಾಡಿದ್ದು ಯಾರು ಅಂತ ತಿಳಿಯಲು ಬಂದವರಿಗೆ ಐದೇ ನಿಮಿಷಕ್ಕೆ ಹಾಸಿಗೆ. ಇಬ್ಬರಿಗೂ ಮೋಸ ಹೋದ ಹಾಗಾಗಿ, ನಿರ್ದೇಶಕರಿಗೆ ಬೈಗುಳ ಬೀಳುತ್ತದೆ. ಆ ಪೋಸ್ಟರ್ ಮಾಡಿಸಿದ್ದು ಎಷ್ಟೋ ಸಲ ವಿತರಕರು! ಐದೋ ಆರೋ ಅಂಕ ಕೊಟ್ಟು ನಾಲ್ಕು ಸಾಲು ಕಾರಣ ಬರೆದವರನ್ನು ಹುಡುಕಿ ಓದಿ.

ಪ್ರಶ್ನೆ: ದುಡ್ಡು ಕಡಿಮೆ ಅಂದ ಮಾತ್ರಕ್ಕೆ ಇಷ್ಟು ಕೆಟ್ಟದಾಗಿ ಇರಬೇಕಾ?

ಉತ್ತರ: ಖಂಡಿತ ಇಲ್ಲ. ಈ ಬಗೆಯ ಕಥೆಗೆ ಕಾರ್ ಚೇಸ್ ಬೇಡ, ಗ್ರಾಫಿಕ್ಸ್ ಬೇಡ. ಒಂದು ಮನೆ, ಮೂರ್ನಾಲ್ಕು ಜನ, ಒಂದು ಗುಟ್ಟು ಸಾಕು. ‘ದ ಮೇಟ್ರಿಕ್ಸ್’ ಮಾಡಿದ ವಾಚೌಸ್ಕಿ ಸೋದರಿಯರು ನಿರ್ದೇಶಿಸಿದ ಮೊದಲ ಚಿತ್ರ ‘ಬೌಂಡ್’ (1996) ಹೆಚ್ಚುಕಡಿಮೆ ಅಕ್ಕಪಕ್ಕದ ಎರಡು ಅಪಾರ್ಟ್‌ಮೆಂಟ್‌ಗಳಲ್ಲೇ ಮುಗಿಯುತ್ತದೆ. ಮಧ್ಯೆ ತೆಳ್ಳಗಿನ ಗೋಡೆ. ಆ ಕಡೆ ಮಾತಾಡಿದ್ದು ಈ ಕಡೆ ಕೇಳುತ್ತದೆ, ಆಸೆಯೂ ಭಯವೂ ಅದೇ ಗೋಡೆ ದಾಟಿ ಬರುತ್ತವೆ. ಫ್ರೆಂಚ್ ಚಿತ್ರ ‘ಸ್ಟ್ರೇಂಜರ್ ಬೈ ದ ಲೇಕ್’ (2013) ಇನ್ನೂ ಸರಳ. ಕೆರೆಯ ದಡ, ಪಕ್ಕದ ಕಾಡು, ಕಾರು ನಿಲ್ಲಿಸುವ ಜಾಗ, ಅಷ್ಟೇ. ಹಿನ್ನೆಲೆ ಸಂಗೀತವೂ ಇಲ್ಲ. ಕೊಲೆ ಮಾಡಿದ್ದನ್ನು ಕಣ್ಣಾರೆ ಕಂಡ ಮೇಲೂ ನಾಯಕ ಆ ಕೊಲೆಗಾರನ ಹತ್ತಿರವೇ ಹೋಗುತ್ತಾನೆ. ನಮಗೆ ಕೂತಲ್ಲೇ ಬೆವರು.

ಹಾಗಾದರೆ ಉಳಿದವು ಎಲ್ಲಿ ಸೋಲುತ್ತವೆ? ಜಾಸ್ತಿ ಸೋಲುವುದು ಸದ್ದಿನಲ್ಲಿ. ಚಿತ್ರ ಸ್ವಲ್ಪ ಕತ್ತಲಾಗಿದ್ದರೆ ‘ಮೂಡ್ ಇದೆ’ ಅಂತ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಇಬ್ಬರು ಒಂದೇ ದಿಂಬಿನ ಮೇಲೆ ತಲೆಯಿಟ್ಟು ಪಿಸುಗುಡುವಾಗ ದನಿ ಖಾಲಿ ಕೋಣೆಯಲ್ಲಿ ಮೊಳಗಿದ ಹಾಗೆ ಕೇಳಿದರೆ ಮುಗಿಯಿತು, ಗುಟ್ಟೂ ಇಲ್ಲ, ಸಲುಗೆಯೂ ಇಲ್ಲ, ಅದನ್ನು ಮುಚ್ಚಲು ಮೇಲೊಂದು ಸ್ಯಾಕ್ಸೋಫೋನ್ ಬೇರೆ. ಇನ್ನೊಂದು, ಟೈಮ್. ಇಂಥ ದೃಶ್ಯಕ್ಕೆ ಮೊದಲೇ ಮಾತಾಡಿ, ಕೈ ಎಲ್ಲಿ, ಕ್ಯಾಮೆರಾ ಎಲ್ಲಿ, ಯಾವುದಕ್ಕೆ ಒಪ್ಪಿಗೆ ಇದೆ, ಯಾವುದಕ್ಕಿಲ್ಲ ಅಂತ ನಿಗದಿ ಮಾಡಿಕೊಳ್ಳಬೇಕು. ದೊಡ್ಡ ನಿರ್ಮಾಣಗಳಲ್ಲಿ ಈಗ ಅದಕ್ಕೇ ಇಂಟಿಮಸಿ ಕೋಆರ್ಡಿನೇಟರ್ ಇರುತ್ತಾರೆ. ಆ ಕೆಲಸ ಬಿಟ್ಟು ಅವಸರದಲ್ಲಿ ತೆಗೆದರೆ ನಟರ ಮುಜುಗರ ಮುಖದಲ್ಲೇ ಕಾಣುತ್ತದೆ. ನೋಡುವವರು ನಕ್ಕುಬಿಡುತ್ತಾರೆ.

ಕಡಿಮೆ ದುಡ್ಡಿನವರಿಗೆ ತಿದ್ದಿಕೊಳ್ಳುವ ಅವಕಾಶವೂ ಇರುವುದಿಲ್ಲ. ‘ಫೇಟಲ್ ಅಟ್ರಾಕ್ಷನ್’ (1987) ಚಿತ್ರದಲ್ಲಿ ಮದುವೆಯಾದ ನಾಯಕನ ಜತೆ ಸಂಬಂಧ ಇಟ್ಟುಕೊಂಡ ಹೆಣ್ಣು, ಮೊದಲ ಕ್ಲೈಮ್ಯಾಕ್ಸ್‌ನಲ್ಲಿ ತಾನೇ ಸತ್ತು ಆ ಕೊಲೆಯ ಆರೋಪದಲ್ಲಿ ಅವನನ್ನು ಸಿಕ್ಕಿಸುತ್ತಾಳೆ. ಬಿಡುಗಡೆಗೆ ಮೊದಲು ಪ್ರಯೋಗಕ್ಕೆ ತೋರಿಸಿದಾಗ ಜನ ಒಪ್ಪಲಿಲ್ಲ, ನಾಯಕನ ಹೆಂಡತಿಯೇ ಅವಳಿಗೆ ಗುಂಡು ಹಾರಿಸುವ ಹಾಗೆ ಮತ್ತೆ ಶೂಟ್ ಮಾಡಿದರು. ಜನ ಹೇಳಿದ ಹಾಗೆ ಬದಲಿಸಿದ್ದು ಸರಿಯಾ ಅಂದರೆ, ನನಗಂತೂ ಹಳೆಯ ಕೊನೆಯೇ ಇಷ್ಟ. ಆದರೆ ಸ್ಟುಡಿಯೋಗೆ ಬದಲಿಸುವ ಶಕ್ತಿ ಇತ್ತು. ಸ್ವತಂತ್ರ ನಿರ್ದೇಶಕರಿಗೆ ಜನ ಏನಂದರು ಅಂತ ಗೊತ್ತಾಗುವುದೇ ಕೈ ಖಾಲಿಯಾದ ಮೇಲೆ.

ಪ್ರಶ್ನೆ: ನಾನು ‘ಆ’ ದೃಶ್ಯಗಳನ್ನೆಲ್ಲ ಓಡಿಸಿ ನೋಡುತ್ತೇನೆ. ತಪ್ಪಾ?

ಉತ್ತರ: ತಪ್ಪೇನಿಲ್ಲ, ರಿಮೋಟ್ ನಿಮ್ಮದು. ಓಡಿಸಿದ ಮೇಲೂ ಕಥೆ ಪೂರ್ತಿ ಅರ್ಥ ಆಯಿತಾ? ಹಾಗಾದರೆ ಆ ದೃಶ್ಯ ಸುಮ್ನೆ ತುರುಕಿದ್ದು, ನೀವು ಕಳೆದುಕೊಂಡಿದ್ದು ಏನೂ ಇಲ್ಲ. ‘ಅರೆ, ಇವಳು ಇವನನ್ನು ಯಾವಾಗ ನಂಬಿದಳು, ಆ ಕೀ ಇವನ ಜೇಬಿಗೆ ಹೇಗೆ ಬಂತು’ ಅಂತ ಅನಿಸಿದರೆ ಮಾತ್ರ ಹಿಂದಕ್ಕೆ ಹೋಗಿ ನೋಡಿ.