ಅಜ್ಜಿಯ ಸಾಸಿವೆ ಡಬ್ಬಿ ಮತ್ತು ನನ್ನ ಚಿಲ್ಲರೆ ಕಾಸು

"ದಿನಾ ಅದೇ ಕೆಲಸ, ಅದೇ ಓಡಾಟ. ಜಾಸ್ತಿ ಖರ್ಚಿಲ್ಲದೆ ಮನಸ್ಸಿಗೆ ಖುಷಿ ಕೊಡುವ ಹವ್ಯಾಸ ನಿಮಗೇನಾದರೂ ಇದೆಯಾ?" ಎಂದು ಕೇಳಿದ್ದೀರಿ. ನನಗಿದೆ. ನಾನು ನಾಣ್ಯ ಕೂಡಿಡುತ್ತೇನೆ. ಬೆಳ್ಳಿ, ಬಂಗಾರದ್ದಲ್ಲ. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ಕೈಗೆ ಬರುವ ಚಿಲ್ಲರೆ, ಹಳೇ ಡಬ್ಬಿಗಳ ತಳದಲ್ಲಿ ಉಳಿದುಹೋದ ಕಾಸು.

ಶುರುವಾಗಿದ್ದು ಅಜ್ಜಿಯ ಸಾಸಿವೆ ಡಬ್ಬಿಯಿಂದ. ಅವರು ತೀರಿಕೊಂಡ ಮೇಲೆ ಅಡುಗೆಮನೆ ಖಾಲಿ ಮಾಡುವಾಗ ಸಾಸಿವೆಯೊಳಗೆ ಒಂದು ಬಟ್ಟೆ ಗಂಟು ಸಿಕ್ಕಿತು. ಬಿಚ್ಚಿದರೆ ಹನ್ನೊಂದು ನಾಣ್ಯ. ಒಂದರ ನಡುವೆ ದೊಡ್ಡ ತೂತು! ಅದು ಬ್ರಿಟಿಷರ ಕಾಲದ ಒಂದು ಪೈಸೆ. ಮಹಾಯುದ್ಧದ ಸಮಯದಲ್ಲಿ ಲೋಹ ಉಳಿಸಲು ಹಾಗೆ ಮಾಡಿದ್ದರಂತೆ, 1943ರಿಂದ 1947ರವರೆಗೆ ಬಂತು. ಆಗ ರೂಪಾಯಿಗೆ 16 ಆಣೆ, 64 ಪೈಸೆ. ಗಂಟಿನಲ್ಲಿ ಆರು ಮೂಲೆಯ ಮೂರು ಪೈಸೆ ಇತ್ತು. ಹೂವಿನ ಎಸಳಿನಂಥ ಅಂಚಿನ, ಗಾಳಿಗೆ ಹಾರಿಹೋಗುವಷ್ಟು ಹಗುರವಾದ ಹತ್ತು ಪೈಸೆಯೂ ಇತ್ತು. ಇನ್ನೊಂದರ ಮೇಲೆ 'ನಯಾ ಪೈಸಾ' ಎಂದು ಬರೆದಿತ್ತು. 1957ರ ಏಪ್ರಿಲ್‌ನಲ್ಲಿ ರೂಪಾಯಿಗೆ ನೂರು ಪೈಸೆ ಆದಾಗ, ಹಳೇ ಪೈಸೆಯ ಜೊತೆ ಗೊಂದಲ ಆಗದಿರಲಿ ಅಂತ ಇಟ್ಟ ಹೆಸರು ಅದು. 1964ರಲ್ಲಿ 'ನಯಾ' ತೆಗೆದುಬಿಟ್ಟರು. ಆದರೆ ನಮ್ಮ ಬಾಯಲ್ಲಿ ಅದು ಇನ್ನೂ ಹೋಗಿಲ್ಲ ನೋಡಿ. "ಒಂದು ನಯಾಪೈಸೆ ಕೊಡಲ್ಲ" ಅಂತ ಈಗಲೂ ಜಗಳ ಆಡುತ್ತೇವಲ್ಲ!

ಆವತ್ತು ಖುಷಿಯಲ್ಲಿ ಒಂದು ತಪ್ಪು ಮಾಡಿದೆ. ಪೂಜೆ ಪಾತ್ರೆ ಬೆಳಗಿದ ಹಾಗೆ ಆ ತೂತಿನ ಕಾಸನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು. ಆದರೆ ಎಪ್ಪತ್ತು ವರ್ಷದಲ್ಲಿ ನಿಧಾನವಾಗಿ ಕೂತಿದ್ದ ಆ ಕಂದು ಬಣ್ಣ ಹೋಯಿತು, ಮತ್ತೆ ಬರಲಿಲ್ಲ. ನೀವು ಶುರು ಮಾಡಿದರೆ ದಯವಿಟ್ಟು ನಾಣ್ಯ ತಿಕ್ಕಬೇಡಿ. ಮೆತ್ತನೆಯ ಪಿವಿಸಿ ಕವರಿನಲ್ಲೂ ಇಡಬೇಡಿ, ವರ್ಷ ಕಳೆದಂತೆ ಹಸಿರು ಅಂಟು ಹತ್ತುತ್ತದೆ. ಸಣ್ಣ ಕಾಗದದ ಲಕೋಟೆ ಸಾಕು. ದುಬಾರಿ ಆಲ್ಬಮ್ ತಂದರೆ ಚಾರಾಣೆ ಕೋಳಿಗೆ ಬಾರಾಣೆ ಮಸಾಲೆ ಆಗುತ್ತದೆ.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರುತ್ತೇನೆ. ದಿನಾ ಖುಷಿ ಎಲ್ಲಿಂದ? ಜೇಬಿನಲ್ಲಿರುವ ಒಂದು ರೂಪಾಯಿ ತೆಗೆದು ಇಸವಿಯ ಕೆಳಗೆ ನೋಡಿ. ಸಣ್ಣ ನಕ್ಷತ್ರ ಇದ್ದರೆ ಅದು ಹೈದರಾಬಾದ್ ಟಂಕಸಾಲೆಯದು, ಅಂದರೆ ಅಲ್ಲಿ ಅಚ್ಚಾದ ನಾಣ್ಯ. ಡೈಮಂಡ್ ಗುರುತಿದ್ದರೆ ಮುಂಬೈ. ಒಂದು ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಇದು ಗೊತ್ತಾದ ದಿನದಿಂದ ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ನಾನು ಸುಮ್ನೆ ಜೇಬಿಗೆ ಹಾಕಿಕೊಂಡಿಲ್ಲ. ಸಂಜೆ ಬಸ್ಸಿನಲ್ಲಿ ನಿಂತೇ ಬಂದರೂ ಮನಸ್ಸು ಅದರಲ್ಲೇ ಇರುತ್ತದೆ. ಒಮ್ಮೆ ಹೂವಿನವರು ಕೊಟ್ಟ 1985ರ ರೂಪಾಯಿಯಲ್ಲಿ ಇಸವಿಯ ಕೆಳಗೆ 'ಎಚ್' ಅಕ್ಷರ ಇತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾದದ್ದು! ಅಷ್ಟು ದೂರದಿಂದ ಬಂದ ರೂಪಾಯಿ, ಎಷ್ಟು ಕೈ ದಾಟಿ, ಮಲ್ಲಿಗೆ ಬುಟ್ಟಿಯ ಪಕ್ಕದಿಂದ ನನ್ನ ಕೈಗೆ ಬಂತು. ಆ ರಾತ್ರಿ ಊಟ ಮಾಡುವಾಗಲೂ ಅದನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಒಂದು ಎಚ್ಚರಿಕೆ. "ವೈಷ್ಣೋದೇವಿ ಚಿತ್ರದ ನಾಣ್ಯ ಇದ್ದರೆ ಲಕ್ಷಗಟ್ಟಲೆ ಕೊಡುತ್ತೇವೆ" ಅನ್ನುವ ಜಾಹೀರಾತು ನಂಬಬೇಡಿ. ಮೊದಲು ಶುಲ್ಕ ಕಟ್ಟಿ ಅನ್ನುತ್ತಾರೆ, ಆಮೇಲೆ ಫೋನ್ ಎತ್ತಲ್ಲ. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ನಾಲ್ಕಾಣೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಅವುಗಳಿಂದ ಅಂಗಡಿಯಲ್ಲಿ ಏನೂ ಬರಲ್ಲ. ನನಗೆ ಅವು ಬೇಕಿರುವುದು ಅದಕ್ಕಲ್ಲ.

ನನ್ನ ಡಬ್ಬಿಯಲ್ಲಿ ಇನ್ನೂ ಇಲ್ಲದ್ದು ಕಮಲದ ಚಿತ್ರವಿರುವ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ. 1968ರಿಂದ 1971ರವರೆಗೆ ಬಂದದ್ದು. ಕಮಲ ಇದೆ, ಬಂಗಾರದ ಹಾಗೆ ಹೊಳೆಯುತ್ತದೆ ಅಂತ ಎಷ್ಟೋ ಮನೆಗಳಲ್ಲಿ ಅದನ್ನು ಲಕ್ಷ್ಮಿ ಪೂಜೆಗೆ ಎತ್ತಿಟ್ಟರು. ನಮ್ಮಮ್ಮನ ಹತ್ತಿರವೂ ಐದು ಇವೆ, ದೇವರ ಪೆಟ್ಟಿಗೆಯಲ್ಲಿ. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ವರಮಹಾಲಕ್ಷ್ಮಿ ಹಬ್ಬದ ದಿನ ಬೆಳಗ್ಗೆ ಅಮ್ಮ ಅವನ್ನು ಕಲಶಕ್ಕೆ ಹಾಕುವ ಮೊದಲು ಒರೆಸಲು ನನ್ನ ಕೈಗೆ ಕೊಡುತ್ತಾರೆ. ಒಣ ಬಟ್ಟೆಯಲ್ಲಿ, ಮೆಲ್ಲಗೆ ಒರೆಸುತ್ತೇನೆ.