ಮಾಡ್ಯೂಲ್ ಬದಲಿಸಿದ ಮೇಲೂ ಬ್ರೇಕ್ ಪೆಡಲ್ ಮೆತ್ತಗೇ ಇದೆ

ಪ್ರಶ್ನೆ: ನಮ್ಮದು ಒಂಬತ್ತು ವರ್ಷ ಹಳೆಯ ಕಾರು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ದೀಪವೂ ಜಾರುವ ಕಾರಿನ ಚಿತ್ರವಿರುವ ಹಳದಿ ದೀಪವೂ ಒಟ್ಟಿಗೇ ಹೊತ್ತಿಕೊಂಡವು. ಗ್ಯಾರೇಜಿನವರು ಸ್ಟೆಬಿಲಿಟಿ ಕಂಟ್ರೋಲ್ (ಕಾರು ಅಡ್ಡ ಜಾರದಂತೆ ಹಿಡಿಯುವ ವ್ಯವಸ್ಥೆ) ಮಾಡ್ಯೂಲನ್ನು ಬದಲಿಸಿ, ಎರಡು ಸಲ ಬ್ರೇಕಿನ ಗಾಳಿ ತೆಗೆದುಕೊಟ್ಟರು. ಹಾಗಿದ್ದರೂ ಹಳದಿ ದೀಪ ಆರಿಲ್ಲ, ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುತ್ತದೆ. ಓಡಿಸುತ್ತಿದ್ದರೆ ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ. ವಾರಕ್ಕೆರಡು ಬಾರಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕಾಗುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಶಿರಸಿ

ಉತ್ತರ: ಮೊದಲ ಮಾತು, ಪೆಡಲ್ ಗಟ್ಟಿಯಾಗುವವರೆಗೆ ದಯವಿಟ್ಟು ಈ ಕಾರನ್ನು ಓಡಿಸಬೇಡಿ; ಘಟ್ಟ ಇಳಿಸುವ ಮಾತಂತೂ ಬೇಡವೇ ಬೇಡ. ಬ್ರೇಕಿನೊಳಗೆ ಸಿಕ್ಕಿಕೊಂಡ ಗಾಳಿ ಓಡಿಸಿದ್ದರಿಂದ ಹೊರಗೆ ಹೋಗುವುದಿಲ್ಲ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಿಮ್ಮ ಪಾದದ ಬಲದ ಒಂದು ಪಾಲು ಚಕ್ರಕ್ಕೆ ತಲುಪದೆ ಆ ಗುಳ್ಳೆಗಳನ್ನು ಅಮುಕುವುದರಲ್ಲೇ ಮುಗಿಯುತ್ತದೆ.

ಎರಡು ಸಲ ಗಾಳಿ ತೆಗೆದರೂ ಪೆಡಲ್ ಏಕೆ ಗಟ್ಟಿಯಾಗಲಿಲ್ಲ ಎಂಬುದಕ್ಕೆ ಕಾರಣ ಈ ಮಾಡ್ಯೂಲಿನ ಒಳರಚನೆಯಲ್ಲಿದೆ. ನೀವು ಮಾಡ್ಯೂಲ್ ಎನ್ನುವುದು ಸಾಮಾನ್ಯವಾಗಿ ಒಂದಕ್ಕೊಂದು ಅಂಟಿಕೊಂಡ ಎರಡು ಭಾಗ: ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ, ಇನ್ನೊಂದು ಪಂಪು ಮತ್ತು ವಿದ್ಯುತ್ ವಾಲ್ವುಗಳಿರುವ ಲೋಹದ ದಿಮ್ಮಿ. ಬರೀ ಎಬಿಎಸ್ ಇರುವ ನಾಲ್ಕು ಚಕ್ರದ ಕಾರಿನಲ್ಲಿ ಸಾಮಾನ್ಯವಾಗಿ 8 ವಾಲ್ವುಗಳಿದ್ದರೆ, ಸ್ಟೆಬಿಲಿಟಿ ಕಂಟ್ರೋಲ್ ಇರುವಲ್ಲಿ 12 ಇರುತ್ತವೆ. ಇವುಗಳಲ್ಲಿ ಕೆಲವು ಎಂದಿನ ಬ್ರೇಕಿಂಗ್ ವೇಳೆ ಮುಚ್ಚಿಯೇ ಇರುತ್ತವೆ, ಕಾರು ಜಾರಿದಾಗ ಮಾತ್ರ ತೆರೆಯುತ್ತವೆ. ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಚಕ್ರದ ಬಳಿ ಗಾಳಿ ಬಿಡುವ ನಿಪ್ಪಲ್ ಸಡಿಲಿಸುವ ನಮ್ಮ ರೂಢಿಯ ವಿಧಾನದಲ್ಲಿ, ಮುಚ್ಚಿದ ಆ ವಾಲ್ವುಗಳ ಹಿಂದೆ ಅಡಗಿದ ಗಾಳಿ ಅಲ್ಲಾಡುವುದೂ ಇಲ್ಲ. ಹೀಗಾಗಿ ಹೆಚ್ಚಿನ ಕಾರುಗಳಲ್ಲಿ ಸ್ಕ್ಯಾನರನ್ನು (ಕಾರಿನ ಎಲೆಕ್ಟ್ರಾನಿಕ್ ಭಾಗಗಳನ್ನು ಓದಿ ಆದೇಶ ಕೊಡುವ ಉಪಕರಣ) ಜೋಡಿಸಿ, ಅದರಲ್ಲಿರುವ ಎಬಿಎಸ್ ಬ್ಲೀಡಿಂಗ್, ಅಂದರೆ ಗಾಳಿ ತೆಗೆಯುವ, ಆದೇಶದಿಂದ ವಾಲ್ವು ತೆರೆದು ಪಂಪ್ ಓಡಿಸಬೇಕು. ಮೊದಲು ಕೈವಿಧಾನ, ನಡುವೆ ಸ್ಕ್ಯಾನರ್, ಕೊನೆಗೆ ಮತ್ತೊಮ್ಮೆ ಕೈವಿಧಾನ ಎಂಬ ಕ್ರಮ ಬಹಳ ಕಾರುಗಳಿಗೆ ಒಪ್ಪುತ್ತದೆ. ಯಾವ ಚಕ್ರದಿಂದ ಶುರು ಮಾಡಬೇಕೆಂಬುದನ್ನು ಮಾತ್ರ ಆಯಾ ಕಾರಿನ ಸರ್ವಿಸ್ ಕೈಪಿಡಿ ನೋಡಿಯೇ ನಿರ್ಧರಿಸಬೇಕು. ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನಷ್ಟೇ ಬಿಚ್ಚಿ ಬದಲಿಸಿ, ಬ್ರೇಕ್ ಪೈಪುಗಳನ್ನು ಮುಟ್ಟದೇ ಇದ್ದಿದ್ದರೆ ಗಾಳಿಯ ತೊಂದರೆಯೇ ಬರುತ್ತಿರಲಿಲ್ಲ.

ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿ. ನಿಪ್ಪಲಿಗೆ ಸಿಕ್ಕಿಸಿದ ಪಾರದರ್ಶಕ ನಳಿಕೆಯಲ್ಲಿ ಮೊದಲು ನೊರೆ, ಆಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು, ಕೊನೆಗೆ ಗುಳ್ಳೆಯೇ ಇಲ್ಲದ ಒಂದೇ ಬಣ್ಣದ ಧಾರೆ ಬರಬೇಕು. ಈ ನಡುವೆ ಬಾನೆಟ್ಟಿನಡಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕೆಳಗಿನ ಗೆರೆಗಿಂತ ಇಳಿದರೆ ಹೊಸ ಗಾಳಿ ಒಳಹೊಕ್ಕು ಇಡೀ ಶ್ರಮ ವ್ಯರ್ಥವಾಗುತ್ತದೆ. ಹಳೆಯ ಕಾರಾದ್ದರಿಂದ ಪೆಡಲನ್ನು ತಳದವರೆಗೆ ತುಳಿಯದೆ, ಅಡಿಯಲ್ಲಿ ಒಂದು ಮರದ ತುಂಡಿಟ್ಟು ಅರ್ಧದಷ್ಟೇ ಒತ್ತುವುದು ಒಳ್ಳೆಯದು. ತಳದವರೆಗೆ ತುಳಿದರೆ, ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಎಂದೂ ಬಳಕೆಯಾಗದ ತುದಿಯಲ್ಲಿ ಕಟ್ಟಿದ ತುಕ್ಕು ಅದರ ಸೀಲುಗಳನ್ನು ಹರಿದು ಹಾಕಬಹುದು.

ಇನ್ನು ಆರದ ದೀಪದ ವಿಚಾರ. ಹೊಸ ಮಾಡ್ಯೂಲಿಗೆ ತಾನು ಯಾವ ಕಾರಿನಲ್ಲಿ ಕುಳಿತಿದ್ದೇನೆ ಎಂಬುದು ತಿಳಿದಿರುವುದಿಲ್ಲ. ಬಹುತೇಕ ಕಾರುಗಳಲ್ಲಿ ಚಾಸಿಸ್ ಸಂಖ್ಯೆ, ಎಂಜಿನ್, ಗೇರುಬಾಕ್ಸ್, ಟೈರಿನ ಅಳತೆ ಮುಂತಾದ ವಿವರಗಳನ್ನು ಸ್ಕ್ಯಾನರಿನ ಮೂಲಕ ಅದರಲ್ಲಿ ಬರೆಯಬೇಕು. ಇದನ್ನೇ ಕೋಡಿಂಗ್ ಅಥವಾ ಪ್ರೋಗ್ರಾಮಿಂಗ್ ಎನ್ನುವುದು. ಈ ಕೆಲಸ ಆಗದೆ ಹೋದರೆ ಕೆಲವು ಕಾರುಗಳಲ್ಲಿ ಮೇಲೆ ಹೇಳಿದ ಬ್ಲೀಡಿಂಗ್ ಆದೇಶವೂ ನಡೆಯುವುದಿಲ್ಲ. ಬರೆಯುತ್ತಿರುವಾಗ ಬ್ಯಾಟರಿ ಸೋತರೆ ಹೊಸ ಮಾಡ್ಯೂಲೇ ಕೆಟ್ಟುಹೋಗಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಹೇಳಲಾಗದು. ಗ್ಯಾರೇಜಿನ ಚಾರ್ಜರನ್ನೊಂದೇ ನಂಬದೆ, ಕಾರಿನಲ್ಲಿ ಆರೋಗ್ಯವಾದ, ಪೂರ್ತಿ ಚಾರ್ಜಾದ ಬ್ಯಾಟರಿ ಇರಲಿ.

ಕೋಡಿಂಗ್ ಆದ ಮೇಲೆ ಸೆನ್ಸರುಗಳ ಸೊನ್ನೆ ಹೊಂದಿಸುವ ಕೆಲಸ ಉಳಿಯುತ್ತದೆ. ಗ್ಯಾರೇಜಿನಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇದೇ. ಸ್ಟೀರಿಂಗ್ ಕೋನದ ಸೆನ್ಸರ್ ನೀವು ಎತ್ತ ಹೋಗಬಯಸುತ್ತೀರಿ ಎಂಬುದನ್ನೂ, ‘ಯಾ’ (yaw) ಎಂಬ ತಿರುಗುವಿಕೆಯ ಸೆನ್ಸರ್ ಕಾರು ನಿಜಕ್ಕೂ ಎತ್ತ ತಿರುಗುತ್ತಿದೆ ಎಂಬುದನ್ನೂ ಹೇಳುತ್ತವೆ. ಎರಡಕ್ಕೂ ತಾಳೆಯಾಗದಿದ್ದರೆ ಕಾರು ಜಾರುತ್ತಿದೆ ಎಂದು ಮಾಡ್ಯೂಲ್ ಯಾವುದೋ ಒಂದು ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತದೆ. ನೇರ ಎನ್ನುವುದು ಯಾವುದೆಂದು ಅದಕ್ಕೆ ಸರಿಯಾಗಿ ಕಲಿಸದಿದ್ದರೆ ಒಂದೋ ದೀಪ ಹೊತ್ತಿಸಿಕೊಂಡು ಸುಮ್ಮನಾಗುತ್ತದೆ, ಇಲ್ಲವೇ ಬೇಡದ ತಿರುವಿನಲ್ಲಿ ಬ್ರೇಕ್ ಹಿಡಿಯುತ್ತದೆ. ಈ ಎರಡನೆಯದು ಘಟ್ಟದ ಹಾದಿಯಲ್ಲಿ ಎಷ್ಟು ಅಪಾಯವೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸಮತಟ್ಟಾದ ನೆಲದಲ್ಲಿ, ಚಕ್ರಗಳು ನೇರವಿದ್ದು, ಟೈರುಗಳ ಗಾಳಿ ಸರಿಯಿದ್ದು, ಕಾರಿನಲ್ಲಿ ಭಾರವಿಲ್ಲದಿರುವಾಗಲೇ ಇದನ್ನು ಹೊಂದಿಸಬೇಕು.

ಇಷ್ಟಾದರೂ ದೀಪ ಆರದಿದ್ದರೆ, ಕೆಟ್ಟಿದ್ದದ್ದು ಹಳೆಯ ಮಾಡ್ಯೂಲೇ ಹೌದೇ ಎಂದು ಕೇಳಬೇಕಾಗುತ್ತದೆ. ಕಾರವಾರದ ಒಂದು ಕಾರಿನಲ್ಲಿ ಇದೇ ದೀಪ ಹೊತ್ತಿದಾಗ ಮಾಡ್ಯೂಲ್ ತರಿಸುವ ಮುನ್ನ ನಾನು ಹಿಂಬದಿ ಚಕ್ರದ ಸೆನ್ಸರಿನ ಕನೆಕ್ಟರ್ ಬಿಚ್ಚಿ ನೋಡಿದೆ; ಎರಡು ಪಿನ್ನುಗಳಲ್ಲಿ ಒಂದರ ಬುಡಕ್ಕೆ ಹಸಿರು ಕಿಲುಬು ಹಿಡಿದು ಅದು ದಾರದಷ್ಟು ತೆಳ್ಳಗಾಗಿತ್ತು. ಉಪ್ಪುಗಾಳಿಗೆ ಮತ್ತು ಬಿಡದ ಮಳೆಗೆ ಸಿಕ್ಕುವ ನಮ್ಮ ಜಿಲ್ಲೆಯ ಕಾರುಗಳಲ್ಲಿ ವೈರು, ಕನೆಕ್ಟರ್, ಅರ್ಥ್ ಬೋಲ್ಟುಗಳನ್ನು ನೋಡದೆ ದುಬಾರಿ ಭಾಗ ಬದಲಿಸುವುದು ತಪ್ಪು. ಬಿಚ್ಚಿದ ಹಳೆಯ ಮಾಡ್ಯೂಲನ್ನು ಗ್ಯಾರೇಜಿನಿಂದ ಮರಳಿ ಕೇಳಿ ಪಡೆಯಿರಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ವಸ್ತು. ಡಾಟ್ 4 ದರ್ಜೆಯ ಆಯಿಲಿನ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ ಕನಿಷ್ಠ 155 ಡಿಗ್ರಿ. ಆಯಿಲ್ ಕುದಿದರೆ ಏಳುವ ಆವಿಯ ಗುಳ್ಳೆಗಳೂ ಗಾಳಿಯಂತೆಯೇ ಕುಗ್ಗುತ್ತವೆ; ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಈ ಅಂತರ ದೊಡ್ಡದು. ಹೀಗಾಗಿ ಈಗಲೇ ಪೂರ್ತಿ ಆಯಿಲ್ ಬದಲಿಸಿ, ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ, ಸೀಲ್ ಒಡೆಯದ ಡಬ್ಬಿಯಿಂದ ಹಾಕಿಸಿ.

ಕೊನೆಗೆ ಎಂಜಿನ್ ಚಾಲೂ ಮಾಡಿ ಪೆಡಲನ್ನು ಅರ್ಧ ನಿಮಿಷ ಒತ್ತಿಹಿಡಿಯಿರಿ. ಅದು ಒಂದೇ ಎತ್ತರದಲ್ಲಿ ಗಟ್ಟಿಯಾಗಿ ನಿಂತು, ದೀಪಗಳೆಲ್ಲ ಆರಿ, ಸ್ಕ್ಯಾನರಿನಲ್ಲಿ ಯಾವ ದೋಷವೂ ಕಾಣದಿದ್ದರೆ, ಜನರಿಲ್ಲದ ಬಯಲಿನಲ್ಲಿ ಕಡಿಮೆ ವೇಗದಲ್ಲಿ ನಾಲ್ಕಾರು ಬಾರಿ ಬ್ರೇಕ್ ಹಾಕಿ ನೋಡಿ. ಪೆಡಲ್ ಆಗಲೂ ಅಷ್ಟೇ ಎತ್ತರದಲ್ಲಿ ಹಿಡಿದು, ಕಾರು ಅತ್ತಿತ್ತ ಎಳೆಯದೆ ನಿಂತರೆ ಕುಮಟಾದ ಹಾದಿ ಹಿಡಿಯಬಹುದು.